ಎರಡು ಬುಟ್ಟಿ ಹೆಚ್ಚು ಸಿಮೆಂಟ್

ಮುಂಬೈ ಬದಿಯ ಕಲ್ಯಾಣದ ನಮ್ಮ ಚಾಳಿನ ಹಿಂಗೋಡೆ ಹಳೆಯ ಇಟ್ಟಂಗಿಯದು. ಇಪ್ಪತ್ತು ವರ್ಷದ ಹಿಂದೆ ಅದರ ಸಂದುಗಳ ಸುಣ್ಣ ಉದುರಿದಾಗ, ಮತ್ತೆ ತುಂಬಲು ಗಾರೆಯ ಮಾಲು ಕಲಸಿದವಳು ನಾನೇ. ವಿಜಯಪುರದಿಂದ ಬಂದಾಗಿನಿಂದ ನಾನು ಮಾಡಿದ್ದು ಮಾಲು ಕಲಸುವುದೊಂದೇ ಕೆಲಸ. ಠೇಕೇದಾರರು ಸಿಮೆಂಟ್ ಉಳಿಸಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೆ. ಈ ಗೋಡೆಯ ಒಳಗೆ ಮಲಗುವವರು ನನ್ನ ಮಕ್ಕಳು. ಹಾಗಾಗಿ ಸಂದು ತುಂಬುತ್ತಿದ್ದ ಗೌಂಡಿ ಚಹಾಕ್ಕೆ ಹೋದಾಗಲೆಲ್ಲ ಎರಡು ಬುಟ್ಟಿ ಸಿಮೆಂಟ್ ಹೆಚ್ಚಿಗೆ ಸುರಿದೆ.

ಈ ವರ್ಷ ಇಟ್ಟಂಗಿಗಳೇ ಪುಡಿಯಾಗಿ ಬೀಳತೊಡಗಿದವು. ಸಿಮೆಂಟಿನ ಗೆರೆಗಳು ಮಾತ್ರ ಬಲೆಯಂತೆ ಮುಂದೆ ಚಾಚಿ ನಿಂತವು. ಗೋಡೆ ಉಳಿಯದಿದ್ದರೆ ಖೋಲಿ ಖಾಲಿ ಮಾಡಬೇಕೆಂದು ಚಾಳಿನ ಕಮಿಟಿಯವರು ಹೇಳಿದರು. ರಾಯಚೂರಿನ ಗೌಂಡಿಯೊಬ್ಬ ಬಂದು ಉಗುರಿನಿಂದ ಇಟ್ಟಂಗಿ ಕೆರೆದ.

“ಯಾವ ಕಳ್ಳ ತುಂಬ್ಯಾನ ಅವ್ವಾ ಇದನ್ನ?”

“ಕಳ್ಳ ಅಲ್ಲಪಾ. ಮಾಲು ಕಲಸಿದಾಕಿ ನಾನು. ಗಟ್ಟಿ ಇರ್ಲಿ ಅಂತ, ಗೌಂಡಿ ಚಹಾಕ್ಕ ಹೋದಾಗ ಸಿಮೆಂಟ್ ಜಾಸ್ತಿ ಹಾಕಿದ್ದೆ.”

ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: “ಮಳಿ ನೀರು ಕುಡಿದ ಗ್ವಾಡಿ ಸಂದಿನಾಗಿಂದ ಆರಬೇಕವ್ವಾ. ನೀವು ಸಿಮೆಂಟ್ ಹಾಕಿ ಸಂದು ಬಿಗಿದ್ರಿ. ನೀರು ಇಟ್ಟಂಗಿ ತಿಂದು ಹೊರಗ ಬಂತು.”

“ಗ್ವಾಡಿ ಉಳೀತದೇನು?”

“ಸುಣ್ಣದ ಮಾಲು ತುಂಬ್ತೀನಿ. ಇದ್ದ ಇಟ್ಟಂಗಿ ಉಳೀತಾವ. ಹೋದವು ಹೋದವು.”

ಇಷ್ಟು ವರ್ಷ ಆ ಗೋಡೆಯನ್ನು ನೋಡಿ ಹೆಮ್ಮೆಪಟ್ಟಿದ್ದೆ. ಅಂದು ಅದರ ಮೇಲೆ ಕೈಯಿಟ್ಟು ತೆಗೆದೆ. ಅಂಗೈ ತುಂಬ ಕೆಂಪು ಪುಡಿ.

ಅವನು ಸುಣ್ಣ ಕಲಸಿದ. ಚಹಾಕ್ಕೆ ಹೊರಟವನು ನನ್ನತ್ತ ಒಮ್ಮೆ ನೋಡಿ, ಮಾಲಿನ ಬುಟ್ಟಿಯನ್ನೂ ಎತ್ತಿಕೊಂಡೇ ಹೋದ.