ಎವ್ಲೋಗಿಯ ನಾಲ್ಕು ತಂತಿಗಳು

ಎವ್ಲೋಗಿ ತನ್ನನ್ನು ಎಂಜಿನಿಯರ್ ಎಂದು ಕರೆದುಕೊಳ್ಳುತ್ತಿದ್ದ. ನಮ್ಮ ಬಂದರಿನ ಊರು ರೂಸೆಯ ಮಾರುಕಟ್ಟೆಯಲ್ಲಿ ಅವನ ಮಳಿಗೆಗೂ ನನ್ನ ಮಳಿಗೆಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಮಾತ್ರ. ಆ ಕಡೆ ಅವನು ಬ್ಯಾಟರಿ, ವೈರು, ಟಿವಿ ಕೇಬಲ್ಲು ಮಾರುತ್ತಿದ್ದ. ಈ ಕಡೆ ನಾನು ಗುಂಡಿ, ಝಿಪ್ಪು, ದಾರದ ಉಂಡೆ ಮಾರುತ್ತಿದ್ದೆ. ಅವನ ಮಾತುಗಳನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಕೇಳಬೇಕಾದ ಶಿಕ್ಷೆ ನನ್ನದಾಗಿತ್ತು.

ಹಿಂದಿನ ಸರ್ಕಾರದ ಕಾಲದಲ್ಲಿ ರೇಡಿಯೋ ಕಾರ್ಖಾನೆಯಲ್ಲಿದ್ದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಇದ್ದದ್ದು ನಿಜ. ಗೇಟಿನಲ್ಲಿ. ಲಾರಿ ಬಂದಾಗ ಅಡ್ಡಗಂಬ ಎತ್ತಿ, ಹೋದಮೇಲೆ ಇಳಿಸುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಬಿಳಿ ಕೋಟೊಂದನ್ನು ಎಲ್ಲಿಂದಲೋ ಸಂಪಾದಿಸಿದ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡ, ಅಷ್ಟಕ್ಕೆ ಎಂಜಿನಿಯರ್ ಆದ. ನಮ್ಮ ಜನಕ್ಕೂ ಅಷ್ಟೇ ಸಾಕಿತ್ತು.

ಆ ವರ್ಷಗಳಲ್ಲಿ ಊರಿಗೆ ವಿಡಿಯೋ ಗೇಮ್ ಪೆಟ್ಟಿಗೆಗಳು ಬರತೊಡಗಿದ್ದವು. ಕೆಲವು ಟರ್ಕಿಯಿಂದ ಬಸ್ಸಿನಲ್ಲಿ, ಕೆಲವು ಹಡಗಿನವರ ಚೀಲದಲ್ಲಿ. ಪೆಟ್ಟಿಗೆ ಮನೆಗೆ ಬಂದರೆ ಸಾಲದು, ಅದನ್ನು ಟಿವಿಗೆ ಜೋಡಿಸಬೇಕಲ್ಲ. ಟಿವಿಯ ಬೆನ್ನಿಗೆ ಚುಚ್ಚುವ, ಬಾಚಣಿಗೆಯಂತೆ ಹಲ್ಲುಹಲ್ಲಾಗಿರುವ ಅಗಲವಾದ ಪ್ಲಗ್ಗಿನ ಕೇಬಲ್ಲು ಬೇಕು. ಅದನ್ನು ಎವ್ಲೋಗಿ ತಾನೇ ಬೆಸುಗೆ ಹಾಕಿ ಮಾಡುತ್ತಿದ್ದ.

ಅವನ ಮೋಸ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ನಮ್ಮ ಮನೆಗಳಲ್ಲಿದ್ದ ರಷ್ಯನ್ ಟಿವಿಗಳು ಬಣ್ಣವನ್ನು ಗುರುತಿಸುವ ರೀತಿಯೇ ಬೇರೆ, ಪಶ್ಚಿಮದ ಪೆಟ್ಟಿಗೆಗಳು ಬಣ್ಣ ಕಳಿಸುವ ರೀತಿಯೇ ಬೇರೆ. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ ಪ್ರತ್ಯೇಕವಾಗಿ ಹಾಕಿದರೆ ತಂಟೆಯಿಲ್ಲ, ರಷ್ಯನ್ ಟಿವಿಯೂ ಚೆನ್ನಾಗಿ ತೋರಿಸುತ್ತದೆ. ಎಲ್ಲವನ್ನೂ ಕಲಸಿ ಒಂದೇ ತಂತಿಯಲ್ಲಿ ಕಳಿಸಿದರೆ ಹೊಸ ಟಿವಿಗಳು ಬಿಡಿಸಿಕೊಳ್ಳುತ್ತವೆ, ಹಳೆಯವು ಕಪ್ಪುಬಿಳುಪು ತೋರಿಸಿ ಸುಮ್ಮನಾಗುತ್ತವೆ. ಎವ್ಲೋಗಿಗೆ ಇದು ಗೊತ್ತಿತ್ತು. ಗೊತ್ತಿದ್ದೇ, ತಂತಿ ಉಳಿಸಲು, ಬೆಸುಗೆಯ ಶ್ರಮ ಉಳಿಸಲು, ಇಪ್ಪತ್ತೊಂದು ಹಲ್ಲಿನ ಪ್ಲಗ್ಗಿನೊಳಗೆ ನಾಲ್ಕೇ ತಂತಿ ಹಾಕುತ್ತಿದ್ದ: ಕಲಸಿದ ಚಿತ್ರಕ್ಕೆ ಒಂದು, ಉಳಿದ ಮೂರು ಶಬ್ದಕ್ಕೂ ಅರ್ಥಿಂಗಿಗೂ. ಮಳಿಗೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದದ್ದು ಜರ್ಮನಿಯಿಂದ ಬಂದ ಪುಟ್ಟ ಟಿವಿ. ಅದರಲ್ಲಿ ಬಣ್ಣ ಬರುತ್ತಿತ್ತು. ಗಿರಾಕಿ ಕಣ್ಣಾರೆ ನೋಡಿ, ತಲೆದೂಗಿ, ಕೇಬಲ್ಲು ಒಯ್ಯುತ್ತಿದ್ದ. ಮನೆಯಲ್ಲಿ ಬಣ್ಣ ಬಾರದಿದ್ದರೆ ತಪ್ಪು ಮನೆಯ ಟಿವಿಯದು.

ಬಂದರಿನ ಕ್ರೇನ್ ಚಾಲಕ ಮಾನೊಲ್ ಹೀಗೇ ಒಂದು ಕೇಬಲ್ಲು ಒಯ್ದ. ಅವನ ತಾಯಿ ಗೀನಾ ನನ್ನ ಹಳೆಯ ಗಿರಾಕಿ. ನಾಟಕ ಮಂದಿರದಲ್ಲಿ ರಾಜರಾಣಿಯರ ಬಟ್ಟೆ ಹೊಲಿದು ನಿವೃತ್ತಳಾದವಳು. ಆ ಚಳಿಗಾಲ ಹಾಲಿನ ಅಂಗಡಿಯ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಸೂಜಿ ಹಿಡಿಯಲು ಕೂರಲಾಗದು, ಮಲಗಿ ಚಾವಣಿ ನೋಡಿ ಸಾಕಾಗಿತ್ತು. ಹಡಗಿನ ಗೆಳೆಯನೊಬ್ಬ ಮಾನೊಲ್‌ಗೆ ಗೇಮ್ ಪೆಟ್ಟಿಗೆ ಕೊಟ್ಟ. ಅದರಲ್ಲೊಂದು ಆಟ, ಬಣ್ಣದ ಗುಳ್ಳೆಗಳನ್ನು ಹಾರಿಸುವುದು, ಒಂದೇ ಬಣ್ಣದ ಮೂರು ಸೇರಿದರೆ ಸಿಡಿಯುವುದು. ಮಲಗಿಯೇ ಆಡಬಹುದು. ಮುದುಕಿಗೆ ಅದು ಬೇಕೆನಿಸಿತು.

ಎರಡು ದಿನ ಬಿಟ್ಟು ಮಾನೊಲ್ ಟೋಪಿ ಕೈಯಲ್ಲಿ ಹಿಡಿದು ವಾಪಸು ಬಂದ.

"ಎಂಜಿನಿಯರ್ ಸಾಹೇಬ್ರೆ, ಬಣ್ಣ ಬರ್ತಿಲ್ಲ. ಗುಳ್ಳೆ ಎಲ್ಲಾ ಬೂದಿ ಬಣ್ಣ. ಅಮ್ಮ ಯಾವುದನ್ನ ಯಾವುದಕ್ಕೆ ಸೇರಿಸ್ಬೇಕು ಗೊತ್ತಾಗ್ದೆ ಬೈತಿದಾಳೆ."

"ಪ್ಲಗ್ಗು ಪೂರ್ತಿ ಒತ್ತಿದ್ಯಾ?"

"ಒತ್ತಿದೆ."

"ಒತ್ತಿರಲ್ಲ. ನಿನ್ನ ಕೈ ನೋಡಿದ್ರೇ ಗೊತ್ತಾಗುತ್ತೆ. ಕಬ್ಬಿಣ ಎತ್ತೋ ಕೈ ಅದು. ಇದು ಸೂಕ್ಷ್ಮದ ಕೆಲಸ. ಹೋಗಿ ತೆಗೆದು ಮತ್ತೆ ಹಾಕು. ಟಿವಿ ಆರಿಸಿ ಹಾಕು."

ಮಾನೊಲ್ ಹೋದ. ಆರಿಸಿ ಹಾಕಿದ. ಮತ್ತೆ ಬಂದ. ಈ ಸಲ ಎವ್ಲೋಗಿ ನಿಟ್ಟುಸಿರು ಬಿಟ್ಟು, ಪ್ಲಗ್ಗಿಗೆ ಚಿನ್ನದ ಬಣ್ಣ ಬಳಿದ ಇನ್ನೊಂದು ಕೇಬಲ್ಲು ಕೊಟ್ಟು, ಅದಕ್ಕೆ ಹೆಚ್ಚು ಹಣ ಕಿತ್ತ. ಒಳಗೆ ಅದೇ ನಾಲ್ಕು ತಂತಿ.

ಮಾನೊಲ್ ನನ್ನ ಮಳಿಗೆಯ ಮುಂದೆ ಹಾದು ಹೋಗುವಾಗ ನಾನು ಕರೆದು ಹೇಳಿದೆ: "ಆ ಪ್ಲಗ್ಗು ಬಿಚ್ಚಿ ಒಳಗೆ ನೋಡಪ್ಪ ಒಂದ್ಸಲ."

"ಬಿಚ್ಚಿದ್ರೆ ವಾಪಸ್ ತಗೊಳ್ಳಲ್ವಂತೆ, ಪೆನ್ಕಾ ಅಕ್ಕ. ಅವರು ಕಾರ್ಖಾನೇಲಿದ್ದವರು. ನಮಗಿಂತ ಅವರಿಗೆ ಗೊತ್ತಿರುತ್ತೆ."

ಗಾಳಿಯಲ್ಲಿ ತೂಗಾಡುವ ಕಬ್ಬಿಣದ ಪೆಟ್ಟಿಗೆಗಳನ್ನು ಹಡಗಿಗೆ ಇಳಿಸುವ ಗಂಡಸು, ಬಿಳಿ ಕೋಟು ಕಂಡರೆ ಕುರಿಯಾಗುತ್ತಾನೆ. ಎವ್ಲೋಗಿಯಂಥವರು ಬದುಕುವುದೇ ಇಂಥವರ ಬೆನ್ನ ಮೇಲೆ.

ಮೂರನೆಯ ಸಲ ಬಂದಾಗ ಎವ್ಲೋಗಿ ತೀರ್ಪು ಕೊಟ್ಟ. ಟಿವಿಯದೇ ದೋಷ, ಅದರ ಬಣ್ಣದ ಭಾಗ ಸತ್ತಿದೆ. ಆದರೆ ತಾನು ಒಳ್ಳೆಯವನು, ನೆರೆಹೊರೆಯವರ ಕಷ್ಟ ನೋಡಲಾರ. ಮಳಿಗೆಯ ಜರ್ಮನ್ ಟಿವಿಯನ್ನೇ ಕೊಟ್ಟು, ಆ ಸತ್ತ ರಷ್ಯನ್ ಪೆಟ್ಟಿಗೆಯನ್ನು ತಾನು ಹೊತ್ತುಕೊಂಡು ಹೋಗುತ್ತಾನೆ. ಬಿಡಿಭಾಗಕ್ಕಾದರೂ ಆದೀತು.

ಅಂದೇ ಕೈಗಾಡಿಯಲ್ಲಿ ಟಿವಿ ಇಟ್ಟುಕೊಂಡು ಅವರ ಮನೆಗೆ ಹೋದ. ಚೀಸ್ ತುಂಬಿದ ಬಿಸಿ ಬನಿತ್ಸಾ ತಿಂದ, ರಾಕಿಯಾ ಸಾರಾಯಿ ಕುಡಿದ, ಅವರ ದೊಡ್ಡ ಟಿವಿಯನ್ನು ಮಾನೊಲ್‌ನ ಕೈಯಲ್ಲೇ ಗಾಡಿಗೆ ಎತ್ತಿಸಿಕೊಂಡ. ಹೊರಡುವಾಗ ಹಾಸಿಗೆಯಲ್ಲಿದ್ದ ಮುದುಕಿಗೆ ಒಂದು ಮಾತು ಹೇಳಿದನಂತೆ: "ಅಜ್ಜಿ, ಈ ವಯಸ್ಸಲ್ಲಿ ಬಣ್ಣ ತಗೊಂಡು ಏನ್ಮಾಡ್ತೀರಿ?"

ಮಳಿಗೆಯಲ್ಲಿ ದಿನವಿಡೀ ಉರಿದು ಉರಿದು ಜರ್ಮನ್ ಟಿವಿಯ ಚಿತ್ರದ ಕೊಳವೆ ಅಷ್ಟರಲ್ಲಿ ಸೋತು ಹೋಗಿತ್ತು. ಅದರಲ್ಲಿ ಕೆಂಪು ಎಂಬುದು ಸತ್ತೇಹೋಗಿತ್ತು. ವಾರ್ತೆ ಓದುವವಳ ಮುಖ ಸೌತೆಕಾಯಿಯಂತೆ ಕಾಣುತ್ತಿತ್ತು, ಹಳದಿ ಗುಳ್ಳೆಗಳು ಹಸಿರು ಗುಳ್ಳೆಗಳಲ್ಲಿ ಕಲೆತು ಹೋಗುತ್ತಿದ್ದವು. ಜೀವಮಾನವಿಡೀ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಲಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ. ಆದರೂ ಬೇರೆ ದಾರಿಯಿಲ್ಲದೆ ಆಡಿದಳು. ಹಸಿರು ಗುಳ್ಳೆಗಳನ್ನು ಊಹೆಯ ಮೇಲೆ ಹಾರಿಸಿ, ಸೋತು, ಎವ್ಲೋಗಿಯ ವಂಶವನ್ನೆಲ್ಲ ಹೆಸರು ಹಿಡಿದು ಬೈದಳು.

ಇತ್ತ ಎವ್ಲೋಗಿ ರಷ್ಯನ್ ಟಿವಿಯ ಧೂಳು ಒರೆಸಿದ. ತನಗೆಂದು ಮಾಡಿಟ್ಟುಕೊಂಡಿದ್ದ, ಎಲ್ಲ ತಂತಿಗಳೂ ಇದ್ದ ಒಂದೇ ಒಂದು ಒಳ್ಳೆಯ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿ, ಮಳಿಗೆಯ ಮುಂದೆ ಮಾರಾಟಕ್ಕಿಟ್ಟ. ಅದರಲ್ಲಿ ಗೇಮು ಥಳಥಳ ಹೊಳೆಯುತ್ತಿತ್ತು. ಜನ ನಿಂತು ನೋಡುತ್ತಿದ್ದರು. "ನಾನೇ ಸರಿ ಮಾಡಿದ್ದು. ಊರಲ್ಲಿ ಇನ್ಯಾರಿಗೂ ಆಗ್ತಿರಲಿಲ್ಲ" ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ನನಗೆ ಅವನ ಕಳ್ಳತನಕ್ಕಿಂತ ಆ ಸ್ವರವೇ ಅಸಹ್ಯವಾಗಿತ್ತು.

ವಸಂತ ಬಂದು ಕಟ್ಟೆಗಳ ಮೇಲೆ ಈರುಳ್ಳಿ ಸೊಪ್ಪು ಕಾಣಿಸಿಕೊಂಡ ಶನಿವಾರ, ಗೀನಾ ಅಜ್ಜಿ ಕಂಕುಳಿಗೆ ಊರುಗೋಲು ಸಿಕ್ಕಿಸಿಕೊಂಡು ಮೊದಲ ಸಲ ಮನೆಯಿಂದ ಹೊರಬಿದ್ದಳು. ಹಿಂದೆ ಮಾನೊಲ್. ಅವಳ ಕೈಚೀಲದಲ್ಲಿ ಆ ಚಿನ್ನದ ಕೇಬಲ್ಲಿತ್ತು. ಅದನ್ನು ಎವ್ಲೋಗಿಯ ಮುಖಕ್ಕೆ ಎಸೆಯಲೆಂದೇ ಹೊರಟಿದ್ದಳು. ಮಳಿಗೆಯ ಮುಂದೆ ಬಂದವಳು ಎಸೆಯುವುದನ್ನು ಮರೆತು ನಿಂತುಬಿಟ್ಟಳು.

"ಮಾನೊಲ್, ಇದು ನಮ್ಮ ಟಿವಿ ಕಣೋ."

"ಅಂಥವು ಊರು ತುಂಬ ಇವೆ, ಅಜ್ಜಿ" ಎಂದ ಎವ್ಲೋಗಿ.

"ಅದರ ನೆತ್ತಿ ಮೇಲೆ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗುರುತಿದೆ ನೋಡು. ನಾನೇ ಸುಟ್ಟದ್ದು. ಹೊಸ ವರ್ಷದ ನಾಟಕಕ್ಕೆ ರಾಣಿಯ ಲಂಗ ಇಸ್ತ್ರಿ ಮಾಡ್ತಾ. ಊರು ತುಂಬ ಅದೂ ಇದೆಯಾ?"

ಎವ್ಲೋಗಿ ಕೋಟಿನ ಗುಂಡಿ ಸರಿಪಡಿಸಿಕೊಂಡ. "ಇದ್ದೀತು. ನಾನು ರಿಪೇರಿ ಮಾಡಿದ ಮೇಲೆ ಇದು ಬೇರೇನೇ ಟಿವಿ. ಒಳಗಿನ ಬಣ್ಣದ ಭಾಗ ಪೂರ್ತಿ ಬದಲಾಯಿಸಿದೀನಿ."

"ಹಾಗಾದ್ರೆ ನಮ್ಮ ಕೇಬಲ್ಲು ಹಾಕು."

"ಯಾಕೆ?"

"ಬಣ್ಣದ ಭಾಗ ಬದಲಾಯಿಸಿದೀಯಲ್ಲ. ನಮ್ಮದರಲ್ಲೂ ಬರ್ಬೇಕು. ಹಾಕು."

ಅಷ್ಟರಲ್ಲಿ ಜನ ಸೇರಿದ್ದರು. ಸೂರ್ಯಕಾಂತಿ ಬೀಜ ಜಗಿಯುತ್ತ ನಿಂತವರಲ್ಲಿ ಹಲವರು ಅವನದೇ ಕೇಬಲ್ಲು ಕೊಂಡವರು. ಎವ್ಲೋಗಿ ಕೈ ಆಡಿಸಲಿಲ್ಲ. ಮಾನೊಲ್ ಮುಂದೆ ಬಂದ, ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿದ, ಒಳ್ಳೆಯ ಕೇಬಲ್ಲು ಕಿತ್ತು ಚಿನ್ನದ್ದನ್ನು ಚುಚ್ಚಿದ. ಥಳಥಳಿಸುತ್ತಿದ್ದ ಆಟ ಕಪ್ಪುಬಿಳುಪಾಯಿತು.

"ಪ್ಲಗ್ಗು ಪೂರ್ತಿ ಒತ್ತಿಲ್ಲ ನೀನು" ಎಂದ ಎವ್ಲೋಗಿ. ಅಭ್ಯಾಸಬಲ.

ಅಜ್ಜಿ ನನ್ನ ಕಡೆ ತಿರುಗಿದಳು. "ಪೆನ್ಕಾ, ಸಣ್ಣ ಸ್ಕ್ರೂ ಡ್ರೈವರ್ ಇದ್ರೆ ಕೊಡೆ."

ಹೊಲಿಗೆ ಮಿಷನ್ನಿನದು ನನ್ನಲ್ಲಿತ್ತು, ಕೊಟ್ಟೆ. ಮಾನೊಲ್ ಎರಡೂ ಪ್ಲಗ್ಗುಗಳನ್ನು ನನ್ನ ಗುಂಡಿ ಡಬ್ಬಗಳ ನಡುವೆ ಇಟ್ಟು ಬಿಚ್ಚಿದ. ಒಂದರಲ್ಲಿ ಸಾಲುಸಾಲಾಗಿ ತಂತಿಗಳು. ಚಿನ್ನದ್ದರಲ್ಲಿ ನಾಲ್ಕು ತಂತಿ; ಉಳಿದ ಹಲ್ಲುಗಳೆಲ್ಲ ಬೋಳು. ಮಾನೊಲ್ ಆ ನಾಲ್ಕನ್ನು ಬೆರಳಿಟ್ಟು ಎಣಿಸಿದ. ಅವನ ಕತ್ತು ಕೆಂಪಗಾಗಿತ್ತು.

"ನೀನು ದರ್ಜಿಯಾಗಿದ್ರೆ ಕೋಟಿಗೆ ಒಂದೇ ತೋಳು ಹೊಲಿದು, ಇನ್ನೊಂದು ಕೈ ಇರೋದು ಗಿರಾಕಿ ತಪ್ಪು ಅಂತಿದ್ದೆ" ಎಂದಳು ಅಜ್ಜಿ.

ಜನ ನಕ್ಕರು. ನಕ್ಕದ್ದು ಎವ್ಲೋಗಿಗೆ ನಾಟಿತು, ಸಿಕ್ಕಿಬಿದ್ದದ್ದು ನಾಟಲಿಲ್ಲ. "ಚಿತ್ರ ಬಂತೋ ಇಲ್ವೋ? ನೀವು ಕೇಳಿದ್ದು ಚಿತ್ರ ಬರೋ ಕೇಬಲ್ಲು. ಬಣ್ಣ ಬೇಕು ಅಂತ ಯಾರು ಹೇಳಿದ್ರು? ಕಷ್ಟಕಾಲದಲ್ಲಿ ಸಹಾಯ ಮಾಡಿದೆ, ಮನೆ ಬಾಗಿಲಿಗೆ ಟಿವಿ ತಂದುಕೊಟ್ಟೆ. ಅದಕ್ಕೆ ಇದು ಬಹುಮಾನ." ಅವನು ಕೋಟಿನ ತೋಳಿಗೆ ನಿಜವಾಗಿಯೂ ಕಣ್ಣೊರೆಸಿಕೊಂಡ. ನಾಟಕವಾಗಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ತನಗೆ ಅನ್ಯಾಯವಾಗಿದೆ ಎಂದು ಆ ಮನುಷ್ಯ ಮನಸಾರೆ ನಂಬಿದ್ದ.

ಮಾನೊಲ್ ಅವನನ್ನು ಹೊಡೆಯಲಿಲ್ಲ. ಟಿವಿಯ ವೈರು ಸುತ್ತಿದ, ಬಗ್ಗಿ ಅದನ್ನು ಎದೆಗಪ್ಪಿ ಎತ್ತಿದ, ಜನರ ನಡುವೆ ನಡೆದುಬಿಟ್ಟ. ಅಜ್ಜಿ ಒಳ್ಳೆಯ ಕೇಬಲ್ಲನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

"ಅದು ನನ್ನ ಸ್ವಂತದ್ದು" ಎಂದ ಎವ್ಲೋಗಿ.

"ನಿನ್ನ ಟಿವಿ ನಮ್ಮ ಮೆಟ್ಟಿಲ ಕೆಳಗೆ ಇಟ್ಟಿರ್ತೀವಿ. ಬಂದು ಎತ್ತಿಕೊಂಡು ಹೋಗು. ಈ ಸಲ ಬನಿತ್ಸಾ ಇಲ್ಲ."

ಅವಳು ಆ ಬೇಸಿಗೆಯಿಡೀ ಗುಳ್ಳೆ ಸಿಡಿಸಿದಳು, ಊರುಗೋಲು ಬಿಟ್ಟಮೇಲೂ ಬಿಡಲಿಲ್ಲ. ದಾರ ಕೊಳ್ಳಲು ಬಂದಾಗೆಲ್ಲ ಎಷ್ಟನೆಯ ಹಂತ ದಾಟಿದೆ ಎಂದು ಹೇಳದೆ ಹೋಗುತ್ತಿರಲಿಲ್ಲ.

ಇನ್ನು ಎವ್ಲೋಗಿಯ ಅಂಗಡಿಗೆ ಬೀಗ ಬಿತ್ತು ಎಂದು ನೀವು ಭಾವಿಸಿದ್ದರೆ ನಮ್ಮೂರು ನಿಮಗೆ ಗೊತ್ತಿಲ್ಲ. ಸೋಮವಾರ ಒಂದು ರಟ್ಟಿನ ಹಲಗೆ ತೂಗುಹಾಕಿದ: "ಸಾದಾ ಕೇಬಲ್, ಬಣ್ಣದ ಕೇಬಲ್." ಬಣ್ಣದ್ದಕ್ಕೆ ಎರಡು ಪಟ್ಟು ಬೆಲೆ. ಶನಿವಾರ ನಿಂತು ನಕ್ಕವರೇ ಸಾಲಾಗಿ ಬಂದು ಕೊಂಡರು. "ಎಂಜಿನಿಯರ್ ಸಾಹೇಬ್ರೆ, ಇದು ಬಣ್ಣದ್ದು ತಾನೆ?" ಎಂದು ಕೇಳುವರು, ಅವನು "ನನ್ನ ಮೇಲೆ ನಂಬಿಕೆ ಇಲ್ವಾ?" ಎನ್ನುವನು, ನಾಚಿಕೊಂಡು ಹಣ ಕೊಡುವರು. ಒಬ್ಬರೂ ಪ್ಲಗ್ಗು ಬಿಚ್ಚಿ ನೋಡಲಿಲ್ಲ. ಹಳೆಯ ಕೇಬಲ್ಲಿನ ಹಣ ವಾಪಸು ಕೇಳಲೂ ಇಲ್ಲ.

ಮಾರುಕಟ್ಟೆಯ ಕಚೇರಿಗೆ ಹೋಗಿ ನಾನು ನನ್ನ ಮಳಿಗೆಯನ್ನು ಇನ್ನೊಂದು ಸಾಲಿಗೆ ಬದಲಾಯಿಸಿಕೊಂಡೆ. ಈಗ ಪಕ್ಕದಲ್ಲಿ ಚೀಸ್ ಮಾರುವವಳಿದ್ದಾಳೆ. ಅವಳೂ ತೂಕದಲ್ಲಿ ಕದಿಯುತ್ತಾಳೆ, ಆದರೆ ಬಾಯಿ ಮುಚ್ಚಿಕೊಂಡು ಕದಿಯುತ್ತಾಳೆ.