ಅಮ್ಮನನ್ನು ಕಾಲೇಜಿಗೆ ಕರೆದುಕೊಂಡು ಹೋದದ್ದು

ಮೊನ್ನೆ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನೀವು ಗಮನಿಸಿದ್ದೀರೋ ಇಲ್ಲವೋ, ಮಗನಿಗೆ ಗಣಿತ ತಲೆಗೆ ಹತ್ತುತ್ತಿಲ್ಲ ಎಂದು ಮೇಷ್ಟರ ಕೈಲಿ ಹೇಳಿಸಿಕೊಳ್ಳುವುದಕ್ಕೆ ಬರುವಾಗಲೂ ನಮ್ಮ ತಾಯಂದಿರು ಬೀರುವಿನ ಒಳಗಿನ ಒಳ್ಳೆಯ ಸೀರೆಯನ್ನೇ ಉಟ್ಟು ಬರುತ್ತಾರೆ. ಶಿವಾಜಿನಗರದ ಆ ಹಾಲ್‌ನಲ್ಲಿ ನುಸಿಗುಳಿಗೆಯ ಜೊತೆಗೆ ಮಲ್ಲಿಗೆ, ಅತ್ತರು, ಹೊರಗಿನ ಬೀದಿಯ ಸಮೋಸದ ಎಣ್ಣೆ ಎಲ್ಲವೂ ಸೇರಿಕೊಂಡಿದ್ದವು. ಎದುರಿಗೆ ಕೂತ ತಾಯಿಯೊಬ್ಬರು ತಮಿಳಿನಲ್ಲಿ ಏನೋ ಕೇಳುತ್ತಿದ್ದರು. ನನ್ನ ಮನಸ್ಸು ಮಾತ್ರ ಅಷ್ಟರಲ್ಲಿ ಇನ್ನೊಂದು ರೇಷ್ಮೆ ಸೀರೆಯ ಹಿಂದೆ ಹೊರಟುಹೋಗಿತ್ತು.

ನಾನು ಈಗ ಮೇಷ್ಟರು. ಈ ಮಾತು ಹೇಳುವಾಗ ನನಗೇ ಇನ್ನೂ ಒಂದು ಕ್ಷಣ ಅನುಮಾನವಾಗುತ್ತದೆ. ಯಾಕೆಂದರೆ ಇದಕ್ಕೆ ಮುಂಚೆ ಹದಿನೇಳು ವರ್ಷ ನಾನು ಇಂದಿರಾನಗರದ ಒಂದು ಕಂಪನಿಯಲ್ಲಿ ನಲ್ಲಿ ಮಾರುತ್ತಿದ್ದೆ. ನಲ್ಲಿ, ಶವರ್, ವಾಶ್ ಬೇಸಿನ್. ಕಾರ್ಡಿನಲ್ಲಿ ಮಾತ್ರ ಸೇಲ್ಸ್ ಮ್ಯಾನೇಜರ್ ಎಂದು ಗಂಭೀರವಾಗಿ ಅಚ್ಚಾಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ನೆಪದಲ್ಲಿ ಬಗ್ಗಿ, ನಲ್ಲಿ ನಮ್ಮದೋ ಎದುರಾಳಿ ಕಂಪನಿಯದೋ ಎಂದು ನೋಡದಿದ್ದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಹೀಗೆ ಬಗ್ಗಿದವನನ್ನು ಕಂಡು, ಉಂಗುರ ಕಳೆದುಕೊಂಡಿದ್ದಾನೆಂದು ತಿಳಿದು ಹೆಣ್ಣಿನ ಕಡೆಯವರೆಲ್ಲ ನೆಲದ ಮೇಲೆ ಹುಡುಕಿದ್ದರು.

ಆ ಕೆಲಸದಲ್ಲಿ ನನಗೆ ನಿಜವಾಗಿ ಖುಷಿ ಕೊಡುತ್ತಿದ್ದದ್ದು ಒಂದೇ. ಆಗಾಗ ಪ್ಲಂಬರುಗಳನ್ನು ಸೇರಿಸಿ, ಹೊಸ ಮಾಲನ್ನು ಹೇಗೆ ಕೂರಿಸಬೇಕೆಂದು ಹೇಳಿಕೊಡಬೇಕಾಗಿತ್ತು. ಮೇಲಿನ ಮಹಡಿಗೆ ಹೋದಂತೆ ನೀರಿನ ಒತ್ತಡ ಯಾಕೆ ಕಡಿಮೆಯಾಗುತ್ತದೆ ಎಂದು ಒಂದು ದಿನ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದೆ. ಹಿಂದೆ ಕೂತಿದ್ದ ಒಬ್ಬ "ಓಹೋ, ಅದಕ್ಕಾ ಸಾರ್!" ಎಂದ. ಆ 'ಓಹೋ' ಕೇಳಿದ ಮೇಲೆ ನನಗೆ ಬೇರೆ ಯಾವುದೂ ರುಚಿಸದೆ ಹೋಯಿತು. ನಲವತ್ಮೂರನೆಯ ವಯಸ್ಸಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕಂಟೋನ್ಮೆಂಟ್ ಕಡೆ ಇರುವ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಎಡ್.ಗೆ ಸೇರಿಕೊಂಡೆ. ಇದನ್ನು ದೊಡ್ಡ ಧೈರ್ಯ ಎಂದೆಲ್ಲ ತಿಳಿಯಬೇಡಿ. ಕೃಷ್ಣರಾಜಪುರದಲ್ಲಿ ಅಪ್ಪ ಬಿಟ್ಟುಹೋದ ಸ್ವಂತ ಮನೆ ಇದೆ, ಮೇಲಿನ ಎರಡು ಪೋರ್ಷನ್ನಿನ ಬಾಡಿಗೆ ಬರುತ್ತದೆ, ಹೆಂಡತಿ ಸುಜಾತ ಬೆನ್ಸನ್ ಟೌನಿನ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಹಾಸಿಗೆ ಹಾಸಿಟ್ಟು ಅದರ ಮೇಲೆ ಬಿದ್ದವನು ನಾನು.

ಆದರೆ ಅಮ್ಮ ಇದ್ದಳಲ್ಲ.

ಅಪ್ಪ ತೀರಿಕೊಂಡಾಗ ಅವರ ಫ್ಯಾಕ್ಟರಿಯಲ್ಲೇ ಅಮ್ಮನಿಗೆ ಕೆಲಸ ಕೊಟ್ಟಿದ್ದರು. ಅದುವರೆಗೆ ಮನೆ ಹಿಂದಿನ ತೋಟದಲ್ಲಿ ಸೊಪ್ಪು ಕೀಳುತ್ತಿದ್ದವಳು ಸೈರನ್ ಕೂಗುವುದರೊಳಗೆ ಗೇಟು ದಾಟುವುದನ್ನು ಕಲಿತಳು. ನಿವೃತ್ತಿಯಾಗುವವರೆಗೂ ದಾಟಿದಳು. ನಾನೂ ನನ್ನ ತಂಗಿಯೂ ಉಂಡು ಬೆಳೆದದ್ದು ಆ ಸೈರನ್ನಿನ ಅನ್ನ. ಹಾಗಾಗಿ ಅಮ್ಮನ ಪಾಲಿಗೆ ಲೋಕದಲ್ಲಿ ಎರಡೇ ಜಾತಿ: ಪರ್ಮನೆಂಟ್ ಆದವರು, ಆಗದವರು. ರಾಜೀನಾಮೆಯ ಸುದ್ದಿ ಹೇಳಿದ ಸಂಜೆ ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ತೆಗೆದ್ರೇನೋ? ಏನಾದ್ರೂ ತಪ್ಪು ಮಾಡ್ಕೊಂಡ್ಯಾ?"

"ಇಲ್ಲಮ್ಮ, ನಾನೇ ಬಿಟ್ಟೆ."

"ಯಾಕೆ?"

"ಓದೋಕೆ."

"ಯಾರು ಓದೋಕೆ?"

"ನಾನೇ."

ಅಮ್ಮ ನನ್ನ ಮುಖ ನೋಡಿದಳು. ಅವರೆಕಾಯಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದಾಚೆಗೆ ನನ್ನ ಜೊತೆ ಮಾತು ಬಂದ್. ತೆಗೆದುಹಾಕಿದ್ದರೆ ಮಗನ ಪರವಾಗಿ ಕಂಪನಿಯ ಬಾಗಿಲಿಗೆ ಹೋಗಿ ಜಗಳಕ್ಕೆ ನಿಲ್ಲುತ್ತಿದ್ದಳೇನೋ. ತಾನೇ ಬಿಟ್ಟುಬಂದ ಮಗನಿಗಾಗಿ ಯಾರ ಮೇಲೆ ಜಗಳಕ್ಕೆ ಹೋಗುತ್ತಾಳೆ?

ಮಾತು ಬಿಡುವುದರಲ್ಲೂ ನಮ್ಮಮ್ಮನಿಗೆ ಒಂದು ಕ್ರಮವಿತ್ತು. ಪಕ್ಕದಲ್ಲೇ ಕೂತಿದ್ದರೂ ನನಗೆ ಹೇಳಬೇಕಾದ್ದನ್ನು ನನ್ನ ಮಗಳು ಅನುವಿಗೆ ಹೇಳುವಳು: "ನಿಮ್ಮಪ್ಪಂಗೆ ಹೇಳು, ಕಾಫಿ ಆರ್ತೈತೆ." ಅನು ಸ್ಕೂಲಿಗೆ ಹೋಗಿದ್ದರೆ ಗೋಡೆಗೆ ಹೇಳುವಳು: "ಯಾರಾದ್ರೂ ಮೋಟಾರ್ ಆಫ್ ಮಾಡಿದ್ರೆ ಟ್ಯಾಂಕ್ ತುಂಬಿ ಹರಿಯೋದು ತಪ್ಪುತ್ತೆ." ಅವಳ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಮತ್ತೆ ಮತ್ತೆ ಕರೆದುಕೊಂಡು ಹೋದವನು ನಾನೇ. ಅಲ್ಲಿ ನರ್ಸು "ಇವರು ಯಾರಮ್ಮ?" ಎಂದು ಕೇಳಿದರೆ "ಆಟೋದಲ್ಲಿ ಜೊತೆಗೆ ಬಂದ್ರು" ಎಂದಳು. ನರ್ಸು ನನ್ನನ್ನು ಆಟೋ ಡ್ರೈವರ್ ಎಂದುಕೊಂಡು ಹೊರಗೆ ಕಾಯಲು ಹೇಳಿದರು. ಹೊರಗೆ ಬಂದು ಕೂತೆ.

ನಗಬೇಡಿ, ನೋವಾಗುತ್ತಿತ್ತು. ಹೆಂಡತಿ ಬೈದರೆ ತಿರುಗಿ ಒಂದು ಮಾತು ಅನ್ನಬಹುದು. ಅಮ್ಮ ಸುಮ್ಮನಾದರೆ ನಲವತ್ಮೂರು ವರ್ಷದವನೂ ಹೊಟ್ಟೆನೋವು ಬಂದ ಹುಡುಗನಂತೆ ಮನೆಯಲ್ಲಿ ಸುತ್ತಾಡುತ್ತಾನೆ.

ಇತ್ತ ಕಾಲೇಜಿನಲ್ಲಿ ನನ್ನ ಮರ್ಯಾದೆ ಎಂಥದ್ದೆಂದು ಕೇಳಿ. ಮೊದಲ ದಿನ ನಾನು ಒಳಗೆ ಹೋದ ತಕ್ಷಣ ಇಡೀ ಕ್ಲಾಸು ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದಿತು. ನಾನು ತಲೆ ತಗ್ಗಿಸಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಎದ್ದವರಿಗೆಲ್ಲ ಮೋಸ ಹೋದ ಸಿಟ್ಟು. ಮಧ್ಯಾಹ್ನದ ಹೊತ್ತಿಗೆ 'ಸರ್' ಹೋಗಿ 'ಅಂಕಲ್' ಆಗಿದ್ದೆ. ಬೆಂಚು ಎಷ್ಟು ತಗ್ಗಾಗಿತ್ತೆಂದರೆ ಬೆಲ್ ಹೊಡೆದ ಮೇಲೆ ನಾನು ಏಳುವುದಕ್ಕೆ ಪಕ್ಕದ ಹುಡುಗಿ ರೇಷ್ಮಾ ಕೈ ಕೊಡಬೇಕಾಗುತ್ತಿತ್ತು.

ಓದುವುದು ಎಂದರೆ ಮನೆಯವರ ಪ್ರಕಾರ ಖಾಲಿ ಕೂರುವುದು. "ಹೇಗೂ ಫ್ರೀ ಇದೀರಲ್ಲ ರೀ" ಎಂದು ಸುಜಾತ ಗ್ಯಾಸ್ ಏಜೆನ್ಸಿಗೆ ಕಳಿಸುವಳು. ಕಲ್ಯಾಣ ನಗರದ ತಂಗಿ ತನ್ನ ಮನೆಗೆ ಬಣ್ಣ ಹೊಡೆಯುವವರ ಕಾವಲಿಗೆ ಕರೆಯುವಳು. ಅದರ ಮೇಲೆ ಅಮ್ಮನ ಕಣ್ಣಿನ ಆಸ್ಪತ್ರೆ. ನಾನು ಎಲ್ಲದಕ್ಕೂ ಒಪ್ಪುತ್ತಿದ್ದೆ, ಯಾಕೆಂದರೆ ನನ್ನ ಮನಸ್ಸಿನಲ್ಲಿ ಒಂದು ಭದ್ರವಾದ ಲೆಕ್ಕವಿತ್ತು. ಹದಿನೇಳು ವರ್ಷ ಆಫೀಸಿನಲ್ಲಿ ಮಾಡಿದಂತೆಯೇ, ಪ್ರತಿ ಸಲ ರಜಾ ಹಾಕುವ ಮುಂಚೆ ವಿಭಾಗದ ಮುಖ್ಯಸ್ಥೆಗೆ ವಿನಯದಿಂದ ಒಂದು ಇಮೇಲ್ ಕಳಿಸುತ್ತಿದ್ದೆ: ಅನಿವಾರ್ಯ ಕಾರಣದಿಂದ ಇಂದು ಸಿ.ಎಲ್. ಮಂಜೂರು ಮಾಡಬೇಕು, ವಂದನೆಗಳೊಂದಿಗೆ. ಉತ್ತರ ಬರುತ್ತಿರಲಿಲ್ಲ. ಆಫೀಸಿನಲ್ಲಿ ಉತ್ತರ ಬರದಿದ್ದರೆ ಮಂಜೂರಾಯಿತು ಎಂದೇ ಅರ್ಥ.

ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ತರಲು ಹೋದೆ. ಗುಮಾಸ್ತರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಅಟೆಂಡೆನ್ಸ್ ಶಾರ್ಟೇಜ್ ಸಾರ್. ಕೊಡಕ್ಕಾಗಲ್ಲ."

"ಅದೆಲ್ಲ ಸಿ.ಎಲ್. ಅಲ್ವಾ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಸಾರ್, ಸ್ಟೂಡೆಂಟ್‌ಗೆಲ್ಲಿ ಸಾರ್ ಸಿ.ಎಲ್.?"

ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದು ನಕ್ಕರು. ಇನ್ನೊಂದು ದಾರಿ ಇತ್ತು. ಶಾರ್ಟೇಜ್ ಆದವರು ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಬಂದು ಮುಖ್ಯಸ್ಥೆಯನ್ನು ಕಂಡರೆ, ಅವರು ಒಪ್ಪಿದರೆ, ಪರೀಕ್ಷೆಗೆ ಕೂರಬಹುದು. ಹೆಂಡತಿಯನ್ನು ಕರೆತರಲೇ ಎಂದು ಕೇಳಿದೆ. "ಪೇರೆಂಟ್ ಅಂದ್ರೆ ಪೇರೆಂಟೇ ಸಾರ್. ರೂಲ್ಸು" ಎಂದರು. ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದಾಗ ರೇಷ್ಮಾ ಬಂದು ಸಮಾಧಾನ ಮಾಡಿದಳು. "ನಮ್ ಸೀನಿಯರ್ಸ್ ಎಲ್ಲಾ ಯಾರಾದ್ರೂ ಆಟೋದವ್ರನ್ನೇ ಅಪ್ಪ ಅಂತ ಕರ್ಕೊಂಡ್ ಬಂದ್ಬಿಡ್ತಿದ್ರು ಅಂಕಲ್. ಆದ್ರೆ ನಿಮಗೆ ಅಪ್ಪ ಆಗೋಷ್ಟು ವಯಸ್ಸಾದೋರು ಆಟೋ ಓಡ್ಸಲ್ವಲ್ಲಾ, ಅದೇ ಪ್ರಾಬ್ಲಮ್ಮು."

ಹೀಗಾಗಿ, ಯಾವ ಅಮ್ಮ ನಾನು ಓದುತ್ತೇನೆಂಬ ಕಾರಣಕ್ಕೆ ಮಾತು ಬಿಟ್ಟಿದ್ದಳೋ, ಆ ಅಮ್ಮನೇ ಬಂದು ನನ್ನ ಓದನ್ನು ಉಳಿಸಬೇಕಾಗಿತ್ತು. ಬರದಿದ್ದರೆ ಒಂದು ವರ್ಷ ಹೋದಂತೆಯೇ. ಇನ್ನೊಂದು ವರ್ಷ ಕಾಯುವಷ್ಟು ಗಟ್ಟಿತನ ನನ್ನಲ್ಲಿರಲಿಲ್ಲ. ಬಾಲ ಮುದುರಿಕೊಂಡು ನಲ್ಲಿ ಕಂಪನಿಗೆ ಫೋನ್ ಮಾಡುವುದೇ ಗತಿ ಎಂದು ನನಗೆ ಗೊತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅನುವಿಗೆ ಕಣ್ಸನ್ನೆ ಮಾಡಿದೆ. ಅವಳು ಗಂಟಲು ಸರಿಮಾಡಿಕೊಂಡಳು. "ಅಜ್ಜಿ, ಅಪ್ಪಂಗೆ ಕಾಲೇಜಲ್ಲಿ ಪೇರೆಂಟ್ಸ್ ಕರ್ಕೊಂಬಾ ಅಂದಿದಾರೆ."

ಮುದ್ದೆ ಮುರಿಯುತ್ತಿದ್ದ ಅಮ್ಮನ ಕೈ ನಿಂತಿತು. "ಯಾಕಂತೆ? ಯಾರ ಜೊತೆನಾದ್ರೂ ಹೊಡೆದಾಡಿದ್ನಾ?"

"ಇಲ್ಲ, ಚಕ್ಕರ್ ಹಾಕಿದಾರೆ."

ಸುಜಾತ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಮ್ಮ ಮುದ್ದೆ ನುಂಗಿ, ಕೈ ತೊಳೆದು, ಹೋಗಿ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದು ಬಂದು ನೋಡಿದರೆ, ತಂಗಿಯ ಮದುವೆಗೆ ತೆಗೆದಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟುಕೊಂಡು, ಮಡಿಲಲ್ಲಿ ವ್ಯಾನಿಟಿ ಬ್ಯಾಗು ಇಟ್ಟುಕೊಂಡು ದಿವಾನದ ತುದಿಯಲ್ಲಿ ಕೂತಿದ್ದಾಳೆ. ಮನೆಯೆಲ್ಲ ನುಸಿಗುಳಿಗೆ ಘಮ. "ಹೊತ್ತಾಯ್ತು ಅಂತ ನಿಮ್ಮಪ್ಪಂಗೆ ಹೇಳು" ಎಂದು ಅನುವಿಗೆ ಹೇಳಿದಳು.

ಮೆಟ್ರೋದಲ್ಲಿ ಹಲಸೂರಿನವರೆಗೂ ಮಾತಿಲ್ಲ. ಅಲ್ಲಿಂದ ಆಟೋದಲ್ಲೂ ಇಲ್ಲ. ಕಾಲೇಜಿನ ವರಾಂಡದಲ್ಲಿ ಹುಡುಗ ಹುಡುಗಿಯರು ತಂತಮ್ಮ ಅಪ್ಪ ಅಮ್ಮಂದಿರ ಜೊತೆ ಸಾಲಾಗಿ ನಿಂತಿದ್ದರು. ಅಲ್ಲಿದ್ದ ಅಪ್ಪಂದಿರಲ್ಲಿ ಅರ್ಧದಷ್ಟು ಜನ ನನ್ನ ಓರಗೆಯವರು. ಒಬ್ಬರು ನನ್ನನ್ನು ನೋಡಿ ಸ್ನೇಹದಿಂದ "ಮಗಳಾ, ಮಗನಾ?" ಎಂದರು. "ಸ್ವಂತಕ್ಕೆ" ಎಂದೆ.

ಮುಖ್ಯಸ್ಥೆ ನನಗಿಂತ ಏಳೆಂಟು ವರ್ಷ ಚಿಕ್ಕವರು. ಅಮ್ಮನನ್ನು ಕಂಡು ಎದ್ದು ನಿಂತು ಕೂರಿಸಿದರು. "ನಿಮ್ಮ ಮಗ ಸರಿಯಾಗಿ ಕ್ಲಾಸಿಗೆ ಬರ್ತಿಲ್ಲ ಅಮ್ಮಾ."

"ಜ್ವರ ಇತ್ತು ಮೇಡಂ" ಎಂದಳು ಅಮ್ಮ, ರೆಪ್ಪೆ ಮಿಟುಕಿಸದೆ.

"ಅಷ್ಟೊಂದು ದಿನಾನಾ?"

"ಬಿಟ್ಟು ಬಿಟ್ಟು ಬರ್ತಿತ್ತು."

"ಇಲ್ಲ ಮೇಡಂ, ನಾನು ಸಿ.ಎಲ್. ಅಂತ" ಎಂದು ಬಾಯಿ ತೆರೆದೆ. ಅಮ್ಮ ಮೇಜಿನ ಕೆಳಗೆ ನನ್ನ ಕಾಲನ್ನು ಅದುಮಿ ತುಳಿದಳು. ಬಾಯಿ ಮುಚ್ಚಿಕೊಂಡೆ.

ಮೇಡಂ ನಗಲಿಲ್ಲ. ಅಮ್ಮನ ಕಡೆ ತಿರುಗಿ, "ಇವರು ಈ ವಯಸ್ಸಲ್ಲಿ ಓದ್ತಿರೋದು ನಿಮಗೆ ಇಷ್ಟಾನಾ ಅಮ್ಮಾ?" ಎಂದು ಕೇಳಿದರು.

ಜ್ವರದ ವಿಷಯದಲ್ಲಿ ಸುಳ್ಳು ಹೇಳಿದ ಅಮ್ಮ ಇಲ್ಲೂ ಒಂದು ಸುಳ್ಳು ಹೇಳಲಪ್ಪಾ ದೇವರೇ ಎಂದುಕೊಂಡೆ.

"ಇಲ್ಲ" ಎಂದಳು ಅಮ್ಮ. "ನಂಗೆ ಒಂಚೂರೂ ಇಷ್ಟ ಇಲ್ಲ. ಕೈಲಿದ್ದ ಕೆಲಸ ಬಿಟ್ಟು ಬಂದವ್ನೆ. ಹೊಟ್ಟೆ ಉರಿದು ಹೋಗೈತೆ ನಂಗೆ. ಆದ್ರೆ ಬಿಟ್ಟಾಯ್ತಲ್ಲ ಮೇಡಂ? ಅದನ್ನೂ ಬಿಟ್ಟು ಇದನ್ನೂ ಬಿಟ್ರೆ ನನ್ ಮಗ ಯಾವ ಮುಖ ಇಟ್ಕೊಂಡು ಓಡಾಡ್ತಾನೆ? ಪರೀಕ್ಷೆಗೆ ಕೂರ್ಸಿ. ದಿನಾ ನಾನು ಎಬ್ಬಿಸಿ ಕಳಿಸ್ತೀನಿ."

'ನನ್ ಮಗ' ಎಂದಳು. ಆಟೋದಲ್ಲಿ ಜೊತೆಗೆ ಬಂದವನು ಅಲ್ಲ, ನನ್ನ ಮಗ. ಗೋಡೆಯ ಮೇಲಿದ್ದ ಟೈಮ್ ಟೇಬಲ್ ಓದುತ್ತಿರುವವನಂತೆ ನಾನು ಆ ಕಡೆ ತಿರುಗಿಕೊಂಡೆ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಮೇಡಂ ಒಪ್ಪಿಗೆಗೆ ಸಹಿ ಹಾಕಿದರು.

ಕೃಷ್ಣರಾಜಪುರದಲ್ಲಿ ಮೆಟ್ರೋ ಇಳಿದು, ಬಸ್ಸು ಲಾರಿಗಳ ಗಲಾಟೆಯಲ್ಲಿ ರಸ್ತೆ ದಾಟಲು ನಿಂತಿದ್ದಾಗ ಅಮ್ಮ ನನ್ನ ತೋಳು ಹಿಡಿದುಕೊಂಡಳು. "ಫೇಲಾದ್ರೆ ಇನ್ನೊಂದ್ಸಲ ನಾನ್ ಬರಲ್ಲ ನೋಡು" ಎಂದಳು. ಯಾರಿಗೆ ಹೇಳಿದಳೆಂದು ನಾನು ಸುತ್ತ ನೋಡಿದೆ. ಅನು ಇರಲಿಲ್ಲ, ಗೋಡೆಯೂ ಇರಲಿಲ್ಲ. "ನಿಂಗೇ ಕಣೋ ಹೇಳ್ತಿರೋದು, ಕೋತಿ" ಎಂದಳು. ಎಷ್ಟೋ ತಿಂಗಳಾದ ಮೇಲೆ ಬೈಸಿಕೊಂಡ ಖುಷಿಗೆ ನಾನು ಸಿಗ್ನಲ್ ನೋಡದೆ ಹೆಜ್ಜೆ ಇಟ್ಟು, ಒಬ್ಬ ಬೈಕಿನವನ ಕೈಲೂ ಬೈಸಿಕೊಂಡೆ.

ಫೇಲಾಗಲಿಲ್ಲ. ಕೊಟ್ಟ ಮಾತಿನಂತೆ ಅಮ್ಮ ಕೋರ್ಸು ಮುಗಿಯುವವರೆಗೂ ಬೆಳಗ್ಗೆ ಬಾಗಿಲು ಬಡಿದಳು. ನಲ್ಲಿ ಮಾರುವಾಗ ಬರುತ್ತಿದ್ದ ಸಂಬಳದ ಅರ್ಧ ಈಗ ಬರುತ್ತದೆ. ಭಿನ್ನರಾಶಿ ಹೇಳಿಕೊಡುವಾಗ ದಿನಕ್ಕೊಂದಾದರೂ 'ಓಹೋ' ಬರುತ್ತದೆ, ಕೆಲವು ಸಲ ಉರ್ದುವಿನಲ್ಲಿ, ಕೆಲವು ಸಲ ತಮಿಳಿನಲ್ಲಿ. ಒಂದೇ ಸಂಗತಿ ಬಾಕಿ ಇತ್ತು. ಈ ವರ್ಷ ಕಾಯಂ ಮಾಡುತ್ತಾರೆಂದು ನಾನು ಅಮ್ಮನಿಗೆ ಹೇಳಿಬಿಟ್ಟಿದ್ದೆ. ಮೊನ್ನೆ ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಕರೆದು, ಈ ವರ್ಷವೂ ಕಾಂಟ್ರಾಕ್ಟೇ, ಬೇಜಾರು ಮಾಡ್ಕೋಬೇಡಿ ಎಂದರು.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲಲ್ಲೇ ನಿಂತೆ. ಮತ್ತೆ ಆ ಮೌನ ಶುರುವಾದರೆ ಈ ಸಲ ನನ್ನ ಕೈಲಿ ತಡೆಯುವುದಕ್ಕಾಗುವುದಿಲ್ಲ ಎನಿಸುತ್ತಿತ್ತು.

"ಏನಂದ್ರು?" ಎಂದಳು ಅಮ್ಮ.

"ಆಗಲಿಲ್ಲಮ್ಮ. ಪರ್ಮನೆಂಟ್ ಮಾಡಲ್ವಂತೆ."

ಅಮ್ಮ ಟಿ.ವಿ. ಆಫ್ ಮಾಡಿದಳು. ಅನು ಅಲ್ಲೇ ಇದ್ದಳು. ಅಮ್ಮ ಅವಳ ಕಡೆ ತಿರುಗುತ್ತಾಳೇನೋ ಎಂದು ನಾನು ಕಾದೆ. ತಿರುಗಲಿಲ್ಲ.

"ನಾನು ಪರ್ಮನೆಂಟಾಗೇ ಇದ್ದೆ ಕಣೋ, ಕೊನೇವರ್ಗೂ" ಎಂದಳು. "ಒಂದ್ ದಿನಾನೂ ಹೋಗ್ಬೇಕು ಅನ್ನಿಸ್ತಿರಲಿಲ್ಲ. ಆ ಸೈರನ್ ಕೇಳಿದ್ರೇ ಆಗ್ತಿರಲಿಲ್ಲ. ಹೋಗ್ತಿದ್ದೆ, ನೀವಿಬ್ರು ಇದ್ರಲ್ಲ. ನೀನು ನೋಡಿದ್ರೆ ಇರೋ ನಾಲ್ಕು ಕೂದ್ಲನ್ನ ಎರಡೆರಡು ಸಲ ಬಾಚ್ಕೊಂಡು ಹೋಗ್ತೀಯ. ನಾನೇನ್ ನೋಡಿಲ್ವಾ?" ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು. "ಬಾ, ಕೈಕಾಲು ತೊಳ್ಕೊ. ಹುರುಳಿಕಾಳು ಬಸ್ಸಾರು ಮಾಡಿದೀನಿ, ಬಿಸಿಯಾಗಿದ್ದಾಗ ಉಣ್ಣು."