ಉಜ್ಜನಪ್ಪ ಎಂಬ ಬಾಲಚುಕ್ಕಿ

ಬೆಳಕು ಹರಿಯುವ ಮೊದಲೇ ಜಗದಾಂಬಾ ಆಲ್ಕೊಳ ಸರ್ಕಲ್ಲಿನ ಬ್ರೌಸಿಂಗ್ ಸೆಂಟರಿನ ಷಟರ್ ಎತ್ತುತ್ತಾರೆ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದವರು. ಕಸ ಗುಡಿಸಿ, ಕೀಬೋರ್ಡುಗಳ ಧೂಳು ಒರೆಸಿ, ಪಟಕ್ಕೆ ಊದುಬತ್ತಿ ಹಚ್ಚಿ, ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಒಂದು ಚಿತ್ರ ಮೇಲಿನಿಂದ ಕೆಳಕ್ಕೆ ಆಮೆನಡಿಗೆಯಲ್ಲಿ ಇಳಿಯುತ್ತದೆ. ಬಾಹ್ಯಾಕಾಶದಲ್ಲಿ ನಿಂತು ಹಗಲಿರುಳೂ ಸೂರ್ಯನನ್ನೇ ನೋಡುವ ನೌಕೆ ಕಳಿಸಿದ ಚಿತ್ರ ಅದು. ಕಣ್ಣು ಕುಕ್ಕದಿರಲೆಂದು ಸೂರ್ಯನನ್ನು ಮಾತ್ರ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದಂತೆ ಮುಚ್ಚಿದ್ದಾರೆ.

"ಚುಕ್ಕಿ ಒಂದೇ ಚಿತ್ರದಲ್ಲಿದ್ರೆ ಲೆಕ್ಕಕ್ಕಿಲ್ಲ ಸಾರ್. ಮುಂದಿನ ಚಿತ್ರಗಳಲ್ಲೂ ಸೂರ್ಯನ ಕಡೆ ಸಾಲಾಗಿ ನಡೀತಾ ಇದ್ರೆ ಬಾಲಚುಕ್ಕಿ," ಎನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ. ಗಿರಾಕಿ ಬಂದರೆ ಎದ್ದು ಜಾಗ ಬಿಡಬೇಕು. "ಸಂಬಳ ಕೊಡೋದು ಕೆಲ್ಸಕ್ಕಮ್ಮ, ಆಕಾಶ ನೋಡೋಕಲ್ಲ," ಎಂದು ಮಾಲೀಕ ವೀರೇಂದ್ರ ಗೊಣಗುವುದು ತಪ್ಪಿದ್ದಲ್ಲ.

ಈ ಹುಚ್ಚು ಹತ್ತಿಸಿದವರು ತಂದೆ ಉಜ್ಜನಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆಂದವರು. ಕೈಯಲ್ಲೇ ಗಾಜು ಉಜ್ಜಿ ದೂರದರ್ಶಕ ಮಾಡಿಕೊಂಡು, ಪಾಳಿ ಮುಗಿದ ಮುಂಜಾವುಗಳನ್ನೆಲ್ಲ ಭದ್ರೆಯ ದಂಡೆಯಲ್ಲಿ ಕಳೆದವರು. ನೆಲದಿಂದ ಹುಡುಕುವವರಿಗೆ ಸೂರ್ಯ ಹುಟ್ಟುವ ಮುಂಚಿನ ಒಂದಿಷ್ಟು ಹೊತ್ತೇ ಗತಿ. ಅದರಲ್ಲೂ ಮೋಡ, ಮಂಜು, ಚಿಮಣಿಯ ಹೊಗೆ. "ಹೊಟ್ಟೆ ತುಂಬಿಸಿದ್ದೂ ಅದೇ ಹೊಗೆ, ಕಣ್ಣಿಗೆ ಅಡ್ಡ ಬಂದಿದ್ದೂ ಅದೇ," ಎನ್ನುತ್ತಾರೆ ಮುದುಕರು. ಜೀವಮಾನವಿಡೀ ಹುಡುಕಿದರೂ ಹೊಸದೊಂದು ಸಿಗಲಿಲ್ಲ. ಈಗ ಕಣ್ಣಿಗೆ ಪೊರೆ ಬಂದಿದೆ. ಬಾಲಚುಕ್ಕಿಗೆ ಕಂಡುಹಿಡಿದವರ ಹೆಸರನ್ನೇ ಇಡುತ್ತಾರೆ ಎಂದು ಮಗಳ ತಲೆಗೆ ತುಂಬಿದವರೂ ಅವರೇ.

ಎರಡು ವರ್ಷದ ಹಿಂದೆ, 2002ರ ಬೇಸಿಗೆಯಲ್ಲಿ, ಜಗದಾಂಬಾ ಅವರ ಕಣ್ಣಿಗೆ ಒಂದು ಚುಕ್ಕಿ ಬಿತ್ತು. ನೌಕೆಯವರಿಗೆ ವರದಿ ಕಳಿಸುವಾಗ ಕಂಪ್ಯೂಟರು ಸರ್‌ನೇಮ್ ಕೇಳಿತು. "ನಮ್ಮನೇಲಿ ಸರ್‌ನೇಮ್ ಎಲ್ಲಿ ಬಂತು ಸಾರ್? ಇರೋದೊಂದು ಇನಿಷಿಯಲ್. ಆಕಾಶಕ್ಕೆ ಬರೀ ಯು ಅಂತ ಹೆಸರಿಟ್ರೆ ಏನು ಚೆಂದ? ಉಜ್ಜನಪ್ಪ ಅಂತ ಬಿಡಿಸಿ ಬರೆದೆ."

ಹೊಸ ಬಾಲಚುಕ್ಕಿ ಹೌದು ಎಂದು ಉತ್ತರ ಬಂದದ್ದೇ ತಡ, ಉಜ್ಜನಪ್ಪ ಕೇರಿಗೆಲ್ಲ ಮೈಸೂರುಪಾಕು ಹಂಚಿದರು. ಮರುದಿನ ಮಗಳು ಬಸ್ಸು ಹತ್ತಿದ ಮೇಲೆ, ಅವಳಿಗೊಂದು ಮಾತೂ ಹೇಳದೆ, ಅಕ್ಕಪಕ್ಕದವರನ್ನು ಕಟ್ಟಿಕೊಂಡು ದಂಡೆಗೆ ಹೋದರು. ಒಬ್ಬೊಬ್ಬರಾಗಿ ದೂರದರ್ಶಕಕ್ಕೆ ಕಣ್ಣಿಟ್ಟರು. ಆಕಾಶ ಖಾಲಿ. "ಎಲ್ಲಿ ಮಾರಾಯ, ನಿನ್ನ ಬಾಲ?" ಎಂದು ಚಹಾದಂಗಡಿಯ ಚೌಡಪ್ಪ ಕೇಳಿದ್ದಕ್ಕೆ ಎಲ್ಲರೂ ನಕ್ಕರು.

ಕಾಣುವುದಾದರೂ ಹೇಗೆ? ಅದು ಆಗಲೇ ಸೂರ್ಯನೊಳಗೆ ಬಿದ್ದು ಉರಿದುಹೋಗಿತ್ತು. ಉರಿಯುವ ಮೊದಲೂ ಸೂರ್ಯನ ಪ್ರಭೆಯೊಳಗೆ ಅಡಗಿದ್ದ ಅದನ್ನು ನೆಲದ ಮೇಲಿನ ಯಾವ ಕಣ್ಣೂ ನೋಡುವಂತಿರಲಿಲ್ಲ. ಆಮೇಲೆ ತಿಳಿದದ್ದು ಇನ್ನೂ ಕಹಿ: ನೌಕೆಯ ಚಿತ್ರದಲ್ಲಿ ಸಿಕ್ಕ ಬಾಲಚುಕ್ಕಿಗೆ ನೌಕೆಯದೇ ಹೆಸರು, ಹಿಂದೊಂದು ನಂಬರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ. ನಿಯಮ ಇರಬಹುದು, ನ್ಯಾಯವಂತೂ ಅಲ್ಲ.

ಅಂದು ಸಂಜೆ ಉಜ್ಜನಪ್ಪ ಮಗಳಿಗೆ ಹೇಳಿದ್ದು ಒಂದೇ ಮಾತು: "ಇಲ್ಲದ್ದಕ್ಕೆ ನನ್ನ ಹೆಸರಿಟ್ಟೆಯಲ್ಲೇ ಮಾರಾಯ್ತಿ." ದೂರದರ್ಶಕ ಮಂಚದಡಿ ಸೇರಿತು. ಚೌಡಪ್ಪನ ಅಂಗಡಿಯ ಕಡೆ ಅವರು ಇಂದಿಗೂ ತಲೆ ಹಾಕುವುದಿಲ್ಲ.

ಇನ್ನೊಂದು ಸಿಕ್ಕರೆ ಅಪ್ಪನಿಗೆ ಹೇಳುತ್ತೀರಾ ಎಂದು ಕೇಳಿದರೆ ಜಗದಾಂಬಾ ಬಾಗಿಲ ಕಡೆ ನೋಡುತ್ತಾರೆ. ಹೊರಗೆ ಮೊದಲ ಗಿರಾಕಿ ಚಪ್ಪಲಿ ಬಿಡುತ್ತಿದ್ದಾನೆ. ಅವರು ಎದ್ದು ಕುರ್ಚಿ ಸರಿಸುತ್ತಾರೆ.

"ಹೋದ ತಿಂಗಳೇ ಸಿಕ್ತು ಸಾರ್. ಅಪ್ಪಂಗೆ ಹೇಳಿಲ್ಲ. ಸರ್‌ನೇಮ್ ಕೇಳಿದ ಕಡೆ ಮತ್ತೆ ಉಜ್ಜನಪ್ಪ ಅಂತಲೇ ಬರೆದೆ. ಚುಕ್ಕಿಗೆ ಇಡದಿದ್ರೆ ಬೇಡ. ಅಲ್ಲಿ ಕೂತು ವರದಿ ಪರೀಕ್ಷೆ ಮಾಡೋರು ಒಂದ್ಸಲನಾದ್ರೂ ಆ ಹೆಸರು ಓದ್ಲೇಬೇಕಲ್ಲ!"